ಸಿಮ್ಯುಲೇಟರ್ ಆಕಾಶದಲ್ಲಿ ಎರಡು ಸೂರ್ಯ

ಉಪಗ್ರಹದ ಫೋಟೊಗಳನ್ನೇ ನೆಲವಾಗಿ ಹಾಸುವ ಫ್ಲೈಟ್ ಸಿಮ್ಯುಲೇಟರ್‌ಗಳಲ್ಲಿ ಒಂದು ವಿಚಿತ್ರ ತೊಂದರೆ ಇದೆ. ಬೆಂಗಳೂರಿನ ಮೇಲೆ ಸಂಜೆ ಐದಕ್ಕೆ ಹಾರುತ್ತಿದ್ದೀರಿ ಎಂದುಕೊಳ್ಳಿ. ಸೂರ್ಯ ಪಶ್ಚಿಮಕ್ಕೆ ಇಳಿದಿದ್ದಾನೆ. ಕಂಪ್ಯೂಟರ್ ಕಟ್ಟಡಗಳ ನೆರಳನ್ನು ಪೂರ್ವಕ್ಕೆ ಉದ್ದವಾಗಿ ಎಳೆದಿದೆ. ಆದರೆ ನೆಲದ ಫೋಟೊದಲ್ಲಿ ಅದೇ ಕಟ್ಟಡದ ಇನ್ನೊಂದು ನೆರಳು ಪಶ್ಚಿಮಕ್ಕೆ ಬಿದ್ದಿದೆ!

ಕಾರಣ ಸರಳ. ನೆಲದ ಫೋಟೊ ತೆಗೆಯುವ ಉಪಗ್ರಹಗಳಲ್ಲಿ ಹೆಚ್ಚಿನವು ಒಂದು ಊರಿನ ಮೇಲೆ ಯಾವಾಗಲೂ ಹೆಚ್ಚೂಕಮ್ಮಿ ಒಂದೇ ಹೊತ್ತಿಗೆ ಹಾದುಹೋಗುತ್ತವೆ. ಬಹಳಷ್ಟು ಸಲ ಅದು ಬೆಳಗ್ಗೆ ಹತ್ತೂವರೆ ಸುಮಾರು. ಆಗಿನ ನೆರಳು ಫೋಟೊದಲ್ಲೇ ಉಳಿದುಬಿಡುತ್ತದೆ. 2020ರಲ್ಲಿ ಫ್ರಾನ್ಸಿನ ಅಸೋಬೊ ಸ್ಟುಡಿಯೊ ರೂಪಿಸಿದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಿಂಗ್ ಎಂಬ ಆನ್‌ಲೈನ್ ನಕ್ಷೆಯ ಇಂಥ ಚಿತ್ರಗಳನ್ನು ಬಳಸಿತು. ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್ ಬೇರೆ ದಾರಿ ಹಿಡಿಯಿತು. ಅದು ಹೊಲ, ಕಾಡು, ಊರು ಎಂದು ನೆಲವನ್ನು ವಿಂಗಡಿಸಿ ಸಿದ್ಧ ಚಿತ್ರಗಳನ್ನು ಹೊದಿಸುತ್ತದೆ. ಅಲ್ಲಿ ಹಳೆಯ ನೆರಳಿನ ಕಾಟ ಕಡಿಮೆ. ಆದರೆ ಕೆಳಗೆ ಕಾಣುವುದು ನಿಮ್ಮೂರಿನ ನಿಜವಾದ ಹೊಲವೂ ಅಲ್ಲ.

ಸೂರ್ಯನ ಜಾಗ ಸರಿ ಇದೆಯೇ ಎಂದು ನೋಡಲು ಬೆಂಗಳೂರಿನವರಿಗೆ ಒಂದು ಸುಲಭ ಪರೀಕ್ಷೆ ಇದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಇಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ 12 ಗಂಟೆ 20 ನಿಮಿಷದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಸಿಮ್ಯುಲೇಟರ್‌ನಲ್ಲಿ ಆ ದಿನ, ಆ ಹೊತ್ತು ಇಟ್ಟು ವಿಮಾನವನ್ನು ದೇವನಹಳ್ಳಿಯ ನಿಲ್ದಾಣದಲ್ಲಿ ನಿಲ್ಲಿಸಿ. ರೆಕ್ಕೆಯ ನೆರಳು ರೆಕ್ಕೆಯ ಕೆಳಗೇ ಬೀಳಬೇಕು.

ದಿಕ್ಕು ಸರಿಯಾದರೂ ಕೆಲಸ ಮುಗಿಯುವುದಿಲ್ಲ. ಆಟಗಳಲ್ಲಿ ನೆರಳು ಮೂಡಿಸಲು ಇವತ್ತಿಗೂ ಹೆಚ್ಚಾಗಿ ಬಳಸುವುದು 1978ರಲ್ಲಿ ಲಾನ್ಸ್ ವಿಲಿಯಮ್ಸ್ ವಿವರಿಸಿದ ಉಪಾಯವನ್ನು. ಕಂಪ್ಯೂಟರ್ ಮೊದಲು ಸೂರ್ಯನ ಜಾಗದಿಂದ ದೃಶ್ಯವನ್ನು ನೋಡಿ, ಅಲ್ಲಿಂದ ಯಾವ ವಸ್ತು ಎಷ್ಟು ದೂರ ಎಂದು ಚೌಕುಳಿಗಳಲ್ಲಿ ಗುರುತು ಹಾಕಿಕೊಳ್ಳುತ್ತದೆ. ಇದೇ ನೆರಳು ನಕ್ಷೆ. ಆಮೇಲೆ ನಮ್ಮ ಕಣ್ಣಿಗೆ ಕಾಣುವ ಪ್ರತಿ ಚುಕ್ಕೆಗೂ ಒಂದೇ ಪ್ರಶ್ನೆ: ಸೂರ್ಯನಿಗೆ ನಿನಗಿಂತ ಹತ್ತಿರ ಬೇರೆ ಏನಾದರೂ ಇದೆಯಾ? ಇದ್ದರೆ ಆ ಚುಕ್ಕೆ ನೆರಳಲ್ಲಿದೆ.

ರಸ್ತೆಯಲ್ಲಿ ಓಡಾಡುವ ಆಟಕ್ಕೆ ಇದು ಸಾಕು. ವಿಮಾನದಿಂದ ನೋಡಿದರೆ ಹತ್ತಾರು ಕಿಲೋಮೀಟರ್ ದೂರದ ಬೆಟ್ಟವೂ ಕಾಣುತ್ತದೆ, ಮೂಗಿನ ಮುಂದಿನ ಸ್ವಿಚ್ಚೂ ಕಾಣುತ್ತದೆ. ಉದ್ದಕ್ಕೂ ಅಗಲಕ್ಕೂ 4096 ಚೌಕುಳಿ ಇರುವ ಒಂದು ನೆರಳು ನಕ್ಷೆಯನ್ನು 40 ಕಿ.ಮೀ.ಗೆ ಹರಡಿದರೆ ಒಂದೊಂದು ಚೌಕುಳಿ ಸುಮಾರು 10 ಮೀಟರ್ ಆಗುತ್ತದೆ. ಇಡೀ ಕಾಕ್‌ಪಿಟ್ ಅದರೊಳಗೆ ಹಿಡಿಸುತ್ತದೆ! ಅದಕ್ಕೇ ಹತ್ತಿರಕ್ಕೊಂದು, ನಡುವಿಗೊಂದು, ದೂರಕ್ಕೊಂದು ಎಂದು ಹಲವು ನಕ್ಷೆ ಮಾಡುತ್ತಾರೆ. ಅವು ಸಾಲದೆ ಹೋದಾಗಲೇ ಡ್ಯಾಶ್‌ಬೋರ್ಡ್ ಮೇಲಿನ ನೆರಳು ಹಲ್ಲುಹಲ್ಲಾಗಿ ಕಾಣುವುದು, ವಿಮಾನ ತಿರುಗಿದಾಗ ಮಿಸುಕಾಡುವುದು.

ಇನ್ನು ನೆರಳಿನ ಅಂಚು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದ್ದಾನೆ. ಹಾಗಾಗಿ ವಸ್ತು ನೆಲದಿಂದ ದೂರವಾದಷ್ಟೂ ನೆರಳಿನ ಅಂಚು ಮಸುಕಾಗುತ್ತದೆ. ಆ ಮಸುಕಿನ ಅಗಲ ದೂರದ 108ರಲ್ಲಿ ಒಂದು ಭಾಗ. ಏರ್‌ಬಸ್ ಎ320 ವಿಮಾನದ ಮೈ ಸುಮಾರು 4 ಮೀಟರ್ ಅಗಲ. ಸೂರ್ಯ ನೆತ್ತಿಯ ಮೇಲಿದ್ದಾಗ ಅದು ಸುಮಾರು 430 ಮೀಟರ್‌ಗಿಂತ ಮೇಲೆ ಹಾರುತ್ತಿದ್ದರೆ ನೆಲದ ಮೇಲೆ ಪೂರ್ತಿ ಕಪ್ಪು ನೆರಳು ಬೀಳುವುದೇ ಇಲ್ಲ, ಬರೀ ಮಬ್ಬು. 100 ಮೀಟರ್‌ಗೆ ಇಳಿದಾಗ ಅಂಚಿನ ಮಸುಕು ಒಂದು ಮೀಟರ್‌ಗಿಂತ ತುಸು ಕಡಿಮೆ. 10 ಮೀಟರ್‌ನಲ್ಲಿ ಬರೀ 9 ಸೆಂಟಿಮೀಟರ್.

ಅಂದರೆ ನೆರಳು ಚೂಪಾಗುತ್ತಾ ಬರುವುದೇ ಎತ್ತರದ ಅಳತೆ. ನಮ್ಮ ಮೆದುಳು ನೆರಳನ್ನು ಎಷ್ಟು ನಂಬುತ್ತದೆ ಎಂಬುದಕ್ಕೆ ಡೇನಿಯಲ್ ಕರ್ಸ್ಟನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿ. ಪರದೆಯ ಮೇಲೆ ಚೆಂಡು ಎರಡು ಸಲವೂ ಒಂದೇ ದಾರಿಯಲ್ಲಿ ಸಾಗುತ್ತದೆ. ಬದಲಾಗುವುದು ನೆರಳಿನ ದಾರಿ ಮಾತ್ರ. ಒಂದು ಸಲ ಚೆಂಡು ನೆಲದ ಮೇಲೆ ಉರುಳಿ ದೂರ ಹೋದಂತೆ ಕಾಣುತ್ತದೆ, ಇನ್ನೊಂದು ಸಲ ಗಾಳಿಯಲ್ಲಿ ಮೇಲೇರಿದಂತೆ. ಹೀಗಿರುವಾಗ ಯಾವ ಎತ್ತರದಲ್ಲೂ ಒಂದೇ ಥರದ ಚೂಪು ನೆರಳು ಬಿಡಿಸುವ ಸಿಮ್ಯುಲೇಟರ್ ನೋಡುಗನಿಗೆ ತಪ್ಪು ಎತ್ತರ ಹೇಳಿದಂತೆ ಆಗುತ್ತದೆ, ಅಲ್ವಾ? ಸೂರ್ಯಾಸ್ತದ ಬಣ್ಣಕ್ಕೆ ಸಿಗುವ ಹೊಗಳಿಕೆಯಲ್ಲಿ ಅರ್ಧದಷ್ಟಾದರೂ ಈ ಅಂಚಿಗೆ ಸಿಗಬೇಕು.

ಬೆಳಕಿನ ಪ್ರಖರತೆಯಲ್ಲಂತೂ ಪರದೆ ಸೋಲಲೇಬೇಕು. ಹೊಳಪನ್ನು ಅಳೆಯುವ ಮಾನ ನಿಟ್. ಬಿಸಿಲು ಬಿದ್ದ ಬಿಳಿ ಮೋಡ 10,000 ನಿಟ್‌ಗಿಂತ ಜಾಸ್ತಿ ಹೊಳೆಯುತ್ತದೆ. ಸಾಮಾನ್ಯ ಮಾನಿಟರ್ 300 ನಿಟ್ ಆಸುಪಾಸು. ಬೆಂಗಳೂರು ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ ಪಶ್ಚಿಮವಾಗಿವೆ. ಮಾರ್ಚ್ ಕೊನೆಯ ಸಂಜೆ ಪಶ್ಚಿಮಕ್ಕೆ ಮುಖ ಮಾಡಿ ಇಳಿಯುವ ಪೈಲಟ್‌ನ ಕಣ್ಣಿಗೆ ಸೂರ್ಯ ನೇರ ಹೊಡೆಯುತ್ತಾನೆ. ಸಿಮ್ಯುಲೇಟರ್ ಆ ಕೋರೈಸುವಿಕೆಯನ್ನು ಕೊಡಲಾರದು. ಬಿಳಿಯನ್ನು ಹರಡಿ, ಉಳಿದದ್ದನ್ನು ಕಪ್ಪಾಗಿಸಿ ಅದನ್ನು ಸೂಚಿಸಬಹುದು, ಅಷ್ಟೇ.

ರಾತ್ರಿ ಈ ಕಷ್ಟ ಕಡಿಮೆ. 1970ರ ದಶಕದಲ್ಲಿ ವಿಮಾನ ಕಂಪನಿಗಳ ತರಬೇತಿಗೆ ಬಂದ ಮೊದಮೊದಲ ಕಂಪ್ಯೂಟರ್ ದೃಶ್ಯಗಳು ರಾತ್ರಿಯವೇ ಆಗಿದ್ದವು. ಕತ್ತಲಲ್ಲಿ ದೀಪದ ಚುಕ್ಕೆಗಳನ್ನು ಬಿಡಿಸಿದರೆ ಸಾಕಿತ್ತು. ಆದರೆ ಈ ಚುಕ್ಕೆಗಳೂ ಹಗುರವಾದ ವಿಷಯವಲ್ಲ. 1960ರ ದಶಕದ ಕೊನೆಯಲ್ಲಿ ಬೋಯಿಂಗ್‌ನ ಕಾನ್ರಾಡ್ ಕ್ರಾಫ್ಟ್ ದೀಪಗಳ ನಗರದ ಒಂದು ಮಾದರಿಯನ್ನು ಇಳಿಜಾರಾಗಿ ಇಟ್ಟು, ಅನುಭವಿ ಪೈಲಟ್‌ಗಳನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿದರು. ಅವರಿಗೆ ಎತ್ತರ ತೋರಿಸುವ ಮೀಟರ್ ಕೊಡಲಿಲ್ಲ. ದೂರದ ದೀಪಗಳು ಮೇಲಕ್ಕೆ ಕಂಡಿದ್ದರಿಂದ ತಾವು ಬೇಕಾದ್ದಕ್ಕಿಂತ ಎತ್ತರದಲ್ಲಿದ್ದೇವೆ ಎಂದುಕೊಂಡು ಅವರು ಅಪಾಯಕಾರಿಯಾಗಿ ಕೆಳಗೆ ಇಳಿದರು.

ಅದಕ್ಕೇ ದೀಪದ ಗಾತ್ರದಲ್ಲೂ ಲೆಕ್ಕ ತಪ್ಪಬಾರದು. ಐದು ಕಿಲೋಮೀಟರ್ ದೂರದ ರನ್‌ವೇ ದೀಪ ಪರದೆಯ ಒಂದು ಪಿಕ್ಸೆಲ್‌ಗಿಂತ ಎಷ್ಟೋ ಚಿಕ್ಕದು. ಚೆನ್ನಾಗಿ ಕಾಣಲಿ ಎಂದು ಅದನ್ನು ಸುಮ್ನೆ ದಪ್ಪ ಮಾಡಿದರೆ ರನ್‌ವೇ ಹತ್ತಿರ ಬಂದಂತೆ ಅನಿಸುತ್ತದೆ. ಗಾತ್ರವನ್ನು ಹಾಗೇ ಬಿಟ್ಟು ಹೊಳಪನ್ನು ಮಾತ್ರ ದೂರಕ್ಕೆ ತಕ್ಕಂತೆ ಏರಿಳಿಸಬೇಕು.