ಕರೆಂಟ್ ಫ್ಯಾನ್ ಹಾಕಿದ್ರೆ ಡೀಸೆಲ್ ಉಳಿಯುತ್ತಾ?

ರೇಡಿಯೇಟರಿಗೆ ಗಾಳಿ ಕೊಟ್ಟು ಎಂಜಿನ್ ನೀರನ್ನು ತಣಿಸುವ, ಬೆಲ್ಟಿನಲ್ಲಿ ತಿರುಗುವ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕಿಕೊಡಿ ಎಂದು ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಮಂಜೇಶ್ವರದಿಂದ ಮೀನು ಸಾಗಿಸುವ ಪಿಕಪ್‌ನವರೂ ಕೇಳುತ್ತಾರೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮುರಕಲ್ಲಿನ ಲಾರಿಯವರೂ ಕೇಳುತ್ತಾರೆ. "ಡೀಸೆಲ್ ಉಳಿಯುತ್ತದಾ ಮಾರಾಯ್ರೇ?" ಪ್ರಶ್ನೆ ಒಂದೇ. ಆದರೆ ಇಬ್ಬರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಕೇಳುವುದರಲ್ಲಿ ತಪ್ಪಿಲ್ಲ. ಫ್ಯಾನಿನ ವೇಗ ಎರಡು ಪಟ್ಟಾದರೆ ಗಾಳಿಯೂ ಎರಡು ಪಟ್ಟು ಬರುತ್ತದೆ. ಆದರೆ ಅದನ್ನು ತಿರುಗಿಸಲು ಎಂಟು ಪಟ್ಟು ಶಕ್ತಿ ಬೇಕು. ತಲಪಾಡಿಯಿಂದ ಕಾಸರಗೋಡಿಗೆ ಹೈವೇಯಲ್ಲಿ 60ರ ವೇಗದಲ್ಲಿ ಬರುವಾಗ ಎದುರಿನ ಗಾಳಿಯೇ ರೇಡಿಯೇಟರಿಗೆ ಸಾಕು. ಆಗಲೂ ಬೆಲ್ಟಿನ ಫ್ಯಾನ್ ಎಂಜಿನ್ ಜೊತೆ ಸುಮ್ನೆ ತಿರುಗುತ್ತಾ ಡೀಸೆಲ್ ತಿನ್ನುತ್ತದೆ. ಬೇಕಾದಾಗ ಮಾತ್ರ ತಿರುಗುವ ಫ್ಯಾನ್ ಇದ್ದರೆ ಒಳ್ಳೆಯದೇ ಅಲ್ವಾ?

ಪಿಕಪ್‌ಗೆ ಹೌದು. ದೊಡ್ಡ ಲಾರಿಗೆ ಅಲ್ಲ. ಯಾಕೆ ಅಂದರೆ, ಎಲೆಕ್ಟ್ರಿಕ್ ಫ್ಯಾನಿಗೆ ಕರೆಂಟ್ ಬರುವುದೂ ಅದೇ ಎಂಜಿನ್ ತಿರುಗಿಸುವ ಆಲ್ಟರ್ನೇಟರಿನಿಂದ. 24 ವೋಲ್ಟಿನ ಗಾಡಿಯಲ್ಲಿ 80 ಆಂಪಿಯರ್ ಆಲ್ಟರ್ನೇಟರ್ ಇದೆ ಅಂತಿಟ್ಟುಕೊಳ್ಳಿ. ಅದು ಕೊಡುವುದು ಹೆಚ್ಚೆಂದರೆ 2 ಕಿಲೋವಾಟ್ ಚಿಲ್ಲರೆ. ಹೆಡ್‌ಲೈಟ್, ವೈಪರ್, ಬ್ಯಾಟರಿ ಚಾರ್ಜ್ ಎಲ್ಲ ಅದರಲ್ಲೇ ಆಗಬೇಕು. ದೊಡ್ಡ ಲಾರಿಯ ಬೆಲ್ಟ್ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುವಾಗ 10 ಕಿಲೋವಾಟಿಗೂ ಜಾಸ್ತಿ ಎಳೆಯುತ್ತದೆ. ಅಷ್ಟು ಗಾಳಿಯನ್ನು 600 ವಾಟಿನ ಫ್ಯಾನ್ ಒಂದಲ್ಲ, ಎರಡು ಹಾಕಿದರೂ ಕೊಡಲಾರದು.

ಜಾಲ್ಸೂರು ದಾಟಿ ಸಂಪಾಜೆ ಘಾಟಿ ಹತ್ತುವಾಗ ಇದು ಗೊತ್ತಾಗುತ್ತದೆ. ತುಂಬಿದ ಲೋಡು, ಸೆಕೆಂಡ್ ಗೇರು, ಎದುರುಗಾಳಿ ಹೆಸರಿಗೆ ಮಾತ್ರ. ಎಂಜಿನ್ ಪೂರ್ತಿ ದುಡಿಯುವುದೂ ಅಲ್ಲೇ, ನೀರು ಪೂರ್ತಿ ಕಾಯುವುದೂ ಅಲ್ಲೇ. ಅಲ್ಲಿ ಫ್ಯಾನ್ ಬಿಟ್ಟರೆ ಬೇರೆ ಗತಿಯಿಲ್ಲ. 2020ರ ಏಪ್ರಿಲ್ ನಂತರದ, ಹೊಗೆಯ ಹೊಸ ನಿಯಮದ ಬಿಎಸ್ 6 ಲಾರಿಯಾದರೆ ಮುಟ್ಟಲೇಬೇಡಿ. ಹೊಗೆಯ ಒಂದು ಪಾಲನ್ನು ತಣಿಸಿ ಎಂಜಿನಿಗೇ ವಾಪಸ್ ಕಳಿಸುವ ಇಜಿಆರ್ ಕೂಲರ್ ಇದ್ದರೆ ಅದರ ಬಿಸಿಯೂ ಅದೇ ನೀರಿಗೆ ಸೇರುತ್ತದೆ. ಕೆಲವು ಗಾಡಿಗಳಲ್ಲಿ ಫ್ಯಾನನ್ನು ಎಂಜಿನಿನ ಕಂಪ್ಯೂಟರ್, ಅಂದರೆ ಇಸಿಯುವೇ ನಡೆಸುತ್ತದೆ. ತೆಗೆದರೆ ವಾರ್ನಿಂಗ್ ಲೈಟ್ ಬರುತ್ತದೆ.

ಲಾರಿಯವರು ಫ್ಯಾನ್ ಬದಲಿಸಲು ಬಂದಾಗ ನಾನು ಮೊದಲು ನೋಡುವುದು ಇರುವ ಫ್ಯಾನನ್ನು ಎಂಜಿನ್ ಜೊತೆ ಜೋಡಿಸುವ ವಿಸ್ಕಸ್ ಕಪ್ಲಿಂಗನ್ನು. ಇದರೊಳಗೆ ಸಿಲಿಕೋನ್ ಎಣ್ಣೆ ಇರುತ್ತದೆ, ಮುಖದ ಮೇಲೆ ಸುರುಳಿಯಂಥ ಲೋಹದ ಪಟ್ಟಿ ಇರುತ್ತದೆ. ರೇಡಿಯೇಟರಿನಿಂದ ಬಿಸಿ ಗಾಳಿ ಬಂದರೆ ಪಟ್ಟಿ ತಿರುಗಿ ಒಳಗಿನ ಬಾಯಿ ತೆರೆಯುತ್ತದೆ. ಆಗ ಎಣ್ಣೆ ಹರಿದು ಫ್ಯಾನನ್ನು ಹಿಡಿಯುತ್ತದೆ. ಗಾಳಿ ತಣ್ಣಗಾದರೆ ಬಿಡುತ್ತದೆ. ಅಂದರೆ ಬೇಕಾದಾಗ ಮಾತ್ರ ಜೋರಾಗಿ ತಿರುಗುವ ಏರ್ಪಾಡು ಕಂಪೆನಿಯಿಂದಲೇ ಬಂದಿದೆ! ಅದು ಹಾಳಾದಾಗ ರಿಪೇರಿಯ ಬದಲು ಬೋಲ್ಟ್ ಹೊಡೆದು ಲಾಕ್ ಮಾಡಿಸುವವರಿದ್ದಾರೆ. ಆಮೇಲೆ ಫ್ಯಾನ್ ಯಾವಾಗಲೂ ಎಂಜಿನ್ ಜೊತೆಗೇ ಓಡುತ್ತದೆ, ಮೈಲೇಜ್ ಬೀಳುತ್ತದೆ. ದೂರು ಮಾತ್ರ ಪಂಪಿನವನ ಮೇಲೆ.

ಪರೀಕ್ಷೆ ಸುಲಭ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು ಫ್ಯಾನನ್ನು ಕೈಯಿಂದ ತಿರುಗಿಸಿ. ತಡೆ ಸಿಗಬೇಕು. ಸರಾಗವಾಗಿ ಸುತ್ತು ಮೇಲೆ ಸುತ್ತು ಹೊಡೆದರೆ ಎಣ್ಣೆ ಹೋಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಭರ್‍ರೆಂದು ಸದ್ದು ಬಂದು ನಿಲ್ಲುವುದು ಸಹಜ. ದಿನವಿಡೀ ಹಾಗೇ ಇದ್ದರೆ ಕಪ್ಲಿಂಗ್ ಹಿಡಿದುಕೊಂಡಿದೆ.

ಕೋರೆಯ ಲಾರಿಗಳಲ್ಲಿ ಇನ್ನೊಂದು ಸಂಗತಿ ಇದೆ. ಎಣ್ಣೆ ಪಸೆಗೆ ಕೆಂಪು ಧೂಳು ಮೆತ್ತಿಕೊಂಡು ರೇಡಿಯೇಟರಿನ ರೆಕ್ಕೆಗಳ ನಡುವೆ ದೋಸೆಹಿಟ್ಟಿನ ಹಾಗೆ ಒಣಗಿರುತ್ತದೆ. ಗಾಳಿ ತೂರಲು ಜಾಗವೇ ಇಲ್ಲದ ಮೇಲೆ ಯಾವ ಫ್ಯಾನ್ ಏನು ಮಾಡೀತು? ಎಂಜಿನ್ ಕಡೆಯಿಂದ ಮುಂದಕ್ಕೆ ಹದವಾಗಿ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ಜಾಸ್ತಿಯಾದರೆ ರೆಕ್ಕೆಗಳು ಮಡಚಿಹೋಗುತ್ತವೆ.

ಇನ್ನು ಪಿಕಪ್. ಇಲ್ಲಿ ಲಾಭ ಇದೆ, ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ನೀರು ನಿಂತ ರಸ್ತೆಯಲ್ಲಿ ಬೆಲ್ಟ್ ಫ್ಯಾನ್ ನೀರಿಗೆ ತಾಗಿ, ಅದರ ಬ್ಲೇಡು ಬಗ್ಗಿ ರೇಡಿಯೇಟರನ್ನೇ ಸೀಳುವುದುಂಟು. ಎಲೆಕ್ಟ್ರಿಕ್ ಆದರೆ ಆ ಹೊತ್ತಿಗೆ ಆಫ್ ಮಾಡಬಹುದು. ಅದಕ್ಕೊಂದು ಸ್ವಿಚ್ ಹಾಕಿಸಿಕೊಳ್ಳಿ. ಫ್ಯಾನ್ ರೇಡಿಯೇಟರಿನ ಹಿಂದಿದ್ದು ಗಾಳಿಯನ್ನು ಎಳೆಯುವಂಥದ್ದಾಗಿರಲಿ. ಸುತ್ತ ಶ್ರೌಡ್, ಅಂದರೆ ಗಾಳಿ ಇಡೀ ರೇಡಿಯೇಟರಿನ ಮೂಲಕ ಬರುವಂತೆ ಮಾಡುವ ಕವಚ ಬೇಕೇ ಬೇಕು. ಇಲ್ಲದಿದ್ದರೆ ಫ್ಯಾನಿನ ಎದುರಿನ ಭಾಗ ಮಾತ್ರ ತಣಿಯುತ್ತದೆ. ಪ್ಲಸ್ ಮೈನಸ್ ಅದಲುಬದಲಾದರೆ ಗಾಳಿ ಉಲ್ಟಾ ಹೋಗುತ್ತದೆ, ಆದ್ದರಿಂದ ಕೂಡಿಸಿದ ಮೇಲೆ ರೇಡಿಯೇಟರಿನ ಮುಂದೆ ಒಂದು ಕಾಗದ ಹಿಡಿದು ನೋಡಿ, ಅದು ಒಳಕ್ಕೆ ಎಳೆಯಬೇಕು.

ಫ್ಯಾನ್ ಓಡಿಸುವ ಟೆಂಪರೇಚರ್ ಸ್ವಿಚ್ ಆನ್ ಆಗುವ ಬಿಸಿ, ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆರೆಯುವ ಬಿಸಿಗಿಂತ ಮೇಲಿರಬೇಕು. ಥರ್ಮೋಸ್ಟಾಟ್ 82 ಡಿಗ್ರಿಯದಾಗಿದ್ದು ಸ್ವಿಚ್ 80ರದ್ದು ಹಾಕಿದರೆ ಫ್ಯಾನ್ ನಿಲ್ಲುವುದೇ ಕಷ್ಟ, ಮತ್ತೆಲ್ಲಿಯ ಉಳಿತಾಯ? ಎಸಿ ಇದ್ದರೆ ಎಸಿ ಹಾಕಿದಾಗಲೂ ಫ್ಯಾನ್ ಓಡುವಂತೆ ಲೈನ್ ಕೊಡಿಸಿ. ರಿಲೇ, ಫ್ಯೂಸ್, ದಪ್ಪ ವೈರು, ಇದರಲ್ಲಿ ಚೌಕಾಶಿ ಬೇಡ. ಮೀನಿನ ಗಾಡಿಯಲ್ಲಿ ಉಪ್ಪುನೀರು ಸೋರಿ ಕನೆಕ್ಟರ್ ಹಸಿರುಗಟ್ಟುತ್ತದೆ, ರಿಲೇಯನ್ನು ಎತ್ತರದಲ್ಲಿ ಒಣ ಜಾಗದಲ್ಲಿ ಕೂರಿಸಬೇಕು. ಬೆಲ್ಟ್ ಹರಿದರೆ ಚಾರ್ಜಿಂಗ್ ಲೈಟ್ ಆದರೂ ಹೇಳುತ್ತದೆ. ಎಲೆಕ್ಟ್ರಿಕ್ ಫ್ಯಾನ್ ಸದ್ದಿಲ್ಲದೆ ನಿಲ್ಲುತ್ತದೆ. ನೀರು ಮಿತಿಮೀರಿ ಕಾದರೆ ಕೂಗುವ ಬಜರ್ ಹಾಕದೆ ನಾನು ಗಾಡಿ ಹೊರಗೆ ಬಿಡುವುದಿಲ್ಲ.

ತೆಗೆದ ಫ್ಯಾನ್ ಮತ್ತು ಕಪ್ಲಿಂಗನ್ನು ಗುಜರಿಗೆ ಹಾಕಬೇಡಿ. ಒಂದು ಏಪ್ರಿಲ್–ಮೇ ದಾಟಲಿ. ಕಪ್ಲಿಂಗನ್ನು ಗಾಡಿಯಲ್ಲಿ ಇದ್ದ ಹಾಗೇ ನೆಟ್ಟಗೆ ನಿಲ್ಲಿಸಿಡಿ. ಮಲಗಿಸಿಟ್ಟರೆ ಎಣ್ಣೆ ಸೋರಿ, ಮತ್ತೆ ಹಾಕುವಾಗ ಅದು ಉಪಯೋಗಕ್ಕೆ ಬಾರದೆ ಹೋಗಬಹುದು.