ಗಟ್ಟಿ ದನವೇ ರೋಗ ಹೊತ್ತು ತಂದಾಗ

1868ರ ಬೇಸಿಗೆ. ಅಮೆರಿಕದ ಟೆಕ್ಸಾಸ್‌ನಿಂದ ಉದ್ದ ಕೊಂಬಿನ ದನಗಳು ಉತ್ತರದ ಇಲಿನಾಯ್ ಕಡೆಗೆ ಬಂದವು. ಅವಕ್ಕೆ ಏನೂ ಆಗಿರಲಿಲ್ಲ. ಆದರೆ ಅವು ಮೇದುಹೋದ ಹುಲ್ಲುಗಾವಲಿಗೆ ಇಳಿದ ಅಲ್ಲಿನ ದನಗಳು ಸಾಲಾಗಿ ಸತ್ತವು. ಮೊದಲು ಜ್ವರ, ಆಮೇಲೆ ಕೆಂಪು ಮೂತ್ರ. ಅದೂ ತಕ್ಷಣವಲ್ಲ, ತಿಂಗಳು ಕಳೆದ ಮೇಲೆ.

ದನ ಸಾಕುವವರಿಗೆ ಉಣ್ಣೆಯ ಮೇಲೆ, ಅಂದರೆ ದನದ ಮೈಗೆ ಅಂಟಿ ರಕ್ತ ಹೀರುವ ಹುಳುವಿನ ಮೇಲೆ, ಅನುಮಾನವಿತ್ತು. ಓದಿಕೊಂಡವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

1889ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಥಿಯೋಬಾಲ್ಡ್ ಸ್ಮಿತ್ ಮತ್ತು ಫ್ರೆಡ್ ಕಿಲ್‌ಬೋರ್ನ್ ಇದನ್ನು ಪರೀಕ್ಷೆಗೆ ಹಚ್ಚಿದರು. ದಕ್ಷಿಣದ ದನಗಳ ಮೈಯಿಂದ ಉಣ್ಣೆಗಳನ್ನು ಕೈಯಲ್ಲೇ ಆರಿಸಿ ತೆಗೆದು, ಉತ್ತರದ ದನಗಳ ಜೊತೆ ಬಿಟ್ಟರು. ರೋಗ ಬರಲಿಲ್ಲ. ದಕ್ಷಿಣದ ದನವೇ ಇಲ್ಲದ ಹೊಲದಲ್ಲಿ ಬರೀ ಉಣ್ಣೆ ಚೆಲ್ಲಿದರು. ರೋಗ ಬಂತು! ತಡವಾಗುವುದಕ್ಕೂ ಕಾರಣ ಸಿಕ್ಕಿತು. ರಕ್ತ ಕುಡಿದ ಹೆಣ್ಣು ಉಣ್ಣೆ ನೆಲಕ್ಕೆ ಬಿದ್ದು, ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ರೋಗಾಣು ಮೊಟ್ಟೆಯೊಳಗೇ ಸಾಗಿ ಮರಿಗಳಿಗೆ ದಾಟುತ್ತದೆ. ಆ ಮರಿಗಳು ಹುಲ್ಲು ಹತ್ತಿ ಮುಂದಿನ ದನಕ್ಕಾಗಿ ಕಾಯುತ್ತವೆ. 1893ರಲ್ಲಿ ಇದೆಲ್ಲ ಅಚ್ಚಾಯಿತು. ಸೊಳ್ಳೆಯೊಳಗೆ ಮಲೇರಿಯಾ ಕಂಡದ್ದು ಇನ್ನೂ ನಾಲ್ಕು ವರ್ಷ ಆದ ಮೇಲೆ.

ರೋಗಾಣುವಿನ ಹೆಸರು ಬಬೇಸಿಯಾ. 1888ರಲ್ಲಿ ರೊಮೇನಿಯಾದಲ್ಲಿ ಇದನ್ನು ಕಂಡ ವಿಕ್ಟರ್ ಬಬೇಷ್ ಅವರಿಂದ ಬಂದ ಹೆಸರು. ಇದು ಕೆಂಪು ರಕ್ತಕಣದೊಳಗೆ ಬೆಳೆದು ಅದನ್ನು ಒಡೆಯುತ್ತದೆ. ಮೂತ್ರಕ್ಕೆ ಆ ಬಣ್ಣ ಬರುವುದು ಅದರಿಂದಲೇ. ಮೊದಲು ಕೆಲಸ ಮಾಡಿದ ಔಷಧಿ, 1909ರಲ್ಲಿ ಬಂದ ಟ್ರಿಪಾನ್ ಬ್ಲೂ, ನಿಜಕ್ಕೂ ಒಂದು ಬಣ್ಣ. ದನ ಉಳಿಯುತ್ತಿತ್ತು, ಮಾಂಸ ಮಾತ್ರ ನೀಲಿಯಾಗುತ್ತಿತ್ತು! ಈಗ ಡಿಮಿನಾಜಿನ್, ಇಮಿಡೋಕಾರ್ಬ್ ಇವೆ. ಬೇಗ ಕೊಟ್ಟರೆ ಗುಣ ಜಾಸ್ತಿ.

ಸರಿ, ಟೆಕ್ಸಾಸ್ ದನ ಯಾಕೆ ಸಾಯಲಿಲ್ಲ? ಗುಟ್ಟು ಕರುವಿನಲ್ಲಿದೆ. ಮೊದಲ ಕೆಲವು ತಿಂಗಳು ಕರುವಿಗೆ ಗಿಣ್ಣುಹಾಲಿನ ರಕ್ಷಣೆ ಇರುತ್ತದೆ, ಹುಟ್ಟಿನಿಂದ ಬಂದ ಒಂದು ತಡೆಯೂ ಇರುತ್ತದೆ. ಆ ವಯಸ್ಸಲ್ಲಿ ಉಣ್ಣೆ ಕಚ್ಚಿದರೆ ಸಣ್ಣ ಜ್ವರ ಬಂದು ಹೋಗುತ್ತದೆ, ರೋಗಾಣು ರಕ್ತದಲ್ಲಿ ತಣ್ಣಗೆ ಉಳಿಯುತ್ತದೆ. ಮುಂದೆ ಅದೇ ಕಾವಲು. ಉಣ್ಣೆಯನ್ನೇ ಕಾಣದೆ ಬೆಳೆದ ದನಕ್ಕೆ ಮೊದಲ ಕಡಿತವೇ ಕುತ್ತು. ಹಾಗಾಗಿ ಉಣ್ಣೆಯನ್ನು ಅರ್ಧಂಬರ್ಧ ಕಡಿಮೆ ಮಾಡುವುದು ಅಪಾಯದ ಕೆಲಸ ಅಲ್ವಾ? ಕರುಗಳು ತಪ್ಪಿಸಿಕೊಂಡು, ದೊಡ್ಡವಾದ ಮೇಲೆ ಸಿಕ್ಕಿಬೀಳುತ್ತವೆ.

ಅಮೆರಿಕ ಪೂರ್ತಿ ಕಿತ್ತೆಸೆಯುವ ದಾರಿ ಹಿಡಿಯಿತು. 1906ರಿಂದ ದನಗಳನ್ನು ಔಷಧಿ ತೊಟ್ಟಿಯಲ್ಲಿ ಅದ್ದಿತು. 1943ರ ಹೊತ್ತಿಗೆ ಮೆಕ್ಸಿಕೋ ಗಡಿಯ ಪಟ್ಟಿ ಬಿಟ್ಟರೆ ಕೆಲಸ ಬಹುತೇಕ ಮುಗಿದಿತ್ತು. ಆಸ್ಟ್ರೇಲಿಯಾ ಬೇರೆ ದಾರಿ ನೋಡಿತು. ಚೇತರಿಸಿಕೊಂಡ ದನದ ರಕ್ತವನ್ನೇ ಚುಚ್ಚುವುದರಿಂದ ಶುರುವಾಗಿ, ಗುಲ್ಮ (ರಕ್ತ ಸೋಸುವ ಅಂಗ) ತೆಗೆದ ಕರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ಸೌಮ್ಯಗೊಳಿಸಿದ ರೋಗಾಣುವಿನ ಲಸಿಕೆ ಬಂತು. ಅದು ಜೀವಂತ ಲಸಿಕೆ. ಹಾಗಾಗಿ ಸ್ವಲ್ಪ ಹಿಂದೆಯಷ್ಟೇ ಇಮಿಡೋಕಾರ್ಬ್ ಪಡೆದ ದನಕ್ಕೆ ಹಾಕಿದರೆ ಸುಮ್ನೆ ವ್ಯರ್ಥ. ಮೈಯಲ್ಲಿ ವಾರಗಟ್ಟಲೆ ಉಳಿಯುವ ಆ ಔಷಧಿ ಲಸಿಕೆಯ ರೋಗಾಣುವನ್ನೂ ಕೊಂದುಬಿಡುತ್ತದೆ.