ಸರ್ಕಾರಿ ಶಾಲೆಯ ಸುರಕ್ಷತೆಗೆ ಅನುದಾನ: ಎಷ್ಟು, ಎಲ್ಲಿಂದ, ಹೇಗೆ?

ಪ್ರಶ್ನೆ: ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ರಸ್ತೆಯ ಅಂಚಿನಲ್ಲಿದೆ. ಕಾಂಪೌಂಡ್ ಒಂದು ಕಡೆ ಬಿದ್ದುಹೋಗಿದೆ, ಒಂದು ಕೊಠಡಿಯ ಚಾವಣಿ ಮಳೆಗಾಲದಲ್ಲಿ ಸೋರುತ್ತದೆ, ಸಂಜೆಯಾದರೆ ಹೊರಗಿನವರು ಆವರಣಕ್ಕೆ ಬಂದು ಕೂರುತ್ತಾರೆ. ಶಾಲೆಯ ಸುರಕ್ಷತೆಗೆಂದೇ ಸರ್ಕಾರ ಅನುದಾನ ಕೊಡುತ್ತದೆ ಎಂದು ಕೇಳಿದ್ದೇವೆ. ಅದು ಎಷ್ಟು? ಯಾರಿಗೆ ಅರ್ಜಿ ಕೊಡಬೇಕು?

ಉತ್ತರ: ಶಾಲೆಯ ಸುರಕ್ಷತೆ ಎಂಬ ಹೆಸರಿನಲ್ಲೇ ಬರುವ ಅನುದಾನ ಇರುವುದು ನಿಜ, ಆದರೆ ಅದರ ಮೊತ್ತ ಶಾಲೆಯೊಂದಕ್ಕೆ ವರ್ಷಕ್ಕೆ 2,000 ರೂಪಾಯಿ. ಆ ಹಣದಲ್ಲಿ ಕಾಂಪೌಂಡಿನ ಬಿದ್ದ ಭಾಗಕ್ಕೆ ಬೇಕಾದ ಸಿಮೆಂಟೂ ಬರುವುದಿಲ್ಲ. ಈ ಉತ್ತರ ಕೇಳಿ ಎಷ್ಟೋ ಪೋಷಕರು ಅಲ್ಲಿಗೇ ಕೈಬಿಡುವುದನ್ನು ನಾನು ಕಂಡಿದ್ದೇನೆ. ಕೈಬಿಡಬೇಕಾಗಿಲ್ಲ. ನೀವು ಹೇಳಿರುವ ಕೆಲಸಗಳಿಗೆ ಬೇಕಾದ ದೊಡ್ಡ ಹಣ ದುರಸ್ತಿ, ಗ್ರಾಮೀಣ ಕಾಮಗಾರಿ, ನೈರ್ಮಲ್ಯ, ಅಡುಗೆಮನೆ ಎಂಬ ಬೇರೆ ಬೇರೆ ತಲೆಬರಹಗಳ ಅಡಿಯಲ್ಲಿದೆ, ಮತ್ತು ಅದು ಯಾವ ಶಾಲೆಯ ಕೊರತೆ ಸರಿಯಾದ ಕಾಗದದಲ್ಲಿ ಸರಿಯಾದ ತಿಂಗಳಿನಲ್ಲಿ ದಾಖಲಾಗಿರುತ್ತದೆಯೋ ಆ ಶಾಲೆಗೆ ಹೋಗುತ್ತದೆ.

ಮೊದಲು ಆ 2,000 ರೂಪಾಯಿಯ ವಿಚಾರ. ಇದು 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯ ಭಾಗ. ಆ ಯೋಜನೆಯ ವೆಚ್ಚವನ್ನು ಕರ್ನಾಟಕದಲ್ಲಿ ಕೇಂದ್ರ ಮತ್ತು ರಾಜ್ಯಗಳು 60:40ರ ಅನುಪಾತದಲ್ಲಿ ಭರಿಸುತ್ತವೆ. ಮಕ್ಕಳ ಸಹಾಯವಾಣಿ 1098 ಮತ್ತು ಸಂಬಂಧಪಟ್ಟವರ ದೂರವಾಣಿ ಸಂಖ್ಯೆಗಳನ್ನು ಬರೆಸಿದ ಫಲಕ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಬಗ್ಗೆ ಶಿಕ್ಷಕರಿಗೆ ಹಾಗೂ ಪೋಷಕರಿಗೆ ತಿಳಿವಳಿಕೆ, ಸಲಹಾ ಪೆಟ್ಟಿಗೆ, ಇಂಥವುಗಳಿಗೆ ಇದನ್ನು ಬಳಸಬಹುದು. ಮೊತ್ತ ಸಣ್ಣದೆಂದು ಇದನ್ನು ಕಡೆಗಣಿಸಬೇಡಿ. ಸಲಹಾ ಪೆಟ್ಟಿಗೆಯ ಬೀಗದ ಕೈ ಒಬ್ಬರ ಬಳಿ ಮಾತ್ರ ಇರದೆ, ತಿಂಗಳಿಗೊಮ್ಮೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಒಬ್ಬ ತಾಯಿಯ ಎದುರಿನಲ್ಲಿ ಅದು ತೆರೆದರೆ, ಬಾಯಿ ಬಿಟ್ಟು ಹೇಳಲಾಗದ ಮಾತನ್ನು ಚೀಟಿಯಲ್ಲಿ ಬರೆದು ಹಾಕುವ ಧೈರ್ಯ ಮಗುವಿಗೆ ಬರುತ್ತದೆ. ಇದೇ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿಯೂ ಇದೆ. ಅದಕ್ಕೆ ಶಾಲೆಯೊಂದಕ್ಕೆ ತಿಂಗಳಿಗೆ 5,000 ರೂಪಾಯಿಯಂತೆ ಮೂರು ತಿಂಗಳ ವೆಚ್ಚ ನಿಗದಿಯಾಗಿದೆ.

ಎರಡನೆಯದು ಸಂಯುಕ್ತ ಶಾಲಾ ಅನುದಾನ. ಇದಕ್ಕೆ ಅರ್ಜಿ ಹಾಕಬೇಕಾಗಿಲ್ಲ, ಮಕ್ಕಳ ಸಂಖ್ಯೆಯ ಮೇಲೆ ಲೆಕ್ಕ ಹಾಕಿ ಕೊಡುತ್ತಾರೆ. ಸಮಗ್ರ ಶಿಕ್ಷಣದ 2021ರ ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ 30 ಮಕ್ಕಳವರೆಗಿನ ಶಾಲೆಗೆ 10,000, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಿದ್ದರೆ 1 ಲಕ್ಷ ರೂಪಾಯಿ. ಇದು ಗರಿಷ್ಠ ಮಿತಿ, ಮತ್ತು ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಮೀಸಲು. ವಿದ್ಯುತ್ ಬಿಲ್ಲು, ಸೀಮೆಸುಣ್ಣ, ಕುಡಿಯುವ ನೀರು, ಪ್ರಯೋಗದ ಸಾಮಗ್ರಿ ಎಲ್ಲವೂ ಇದರಲ್ಲೇ ಆಗಬೇಕಾದ್ದರಿಂದ ಮುಖ್ಯ ಶಿಕ್ಷಕರ ಕೈ ಯಾವಾಗಲೂ ಬಿಗಿಯಾಗಿಯೇ ಇರುತ್ತದೆ. ಆದರೂ ಸಣ್ಣ ದುರಸ್ತಿಗಳಿಗೆ ಇದರಲ್ಲಿ ಅವಕಾಶವಿದೆ: ಒಡೆದ ಸ್ವಿಚ್ ಬೋರ್ಡು, ಚಿಲಕವಿಲ್ಲದ ಶೌಚಾಲಯದ ಬಾಗಿಲು, ಮುಚ್ಚಳವಿಲ್ಲದ ನೀರಿನ ತೊಟ್ಟಿ. ಮಗುವಿಗೆ ಅಪಾಯ ತರುವುದು ಹೆಚ್ಚಾಗಿ ಇಂಥ ಐನೂರು, ಸಾವಿರ ರೂಪಾಯಿಯ ಕೆಲಸಗಳೇ ಆದ್ದರಿಂದ, ಅನುದಾನದ ಕಂತು ಬಂದಾಗ ಎಸ್‌ಡಿಎಂಸಿ ಸಭೆಯ ಮೊದಲ ವಿಷಯವಾಗಿ ಇವನ್ನೇ ತೆಗೆದುಕೊಳ್ಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಇನ್ನು ಕಾಂಪೌಂಡ್ ಮತ್ತು ಕೊಠಡಿ. ಇಲ್ಲಿ ನೀವು ಕೇಳುತ್ತಿರುವುದು ಯಾರ ದಯೆಯನ್ನೂ ಅಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಶಾಲೆ ಎನ್ನಿಸಿಕೊಳ್ಳಲು ಇರಬೇಕಾದವುಗಳ ಪಟ್ಟಿಯಲ್ಲಿ, ಆವರಣ ಗೋಡೆ ಅಥವಾ ಬೇಲಿಯಿಂದ ಕಟ್ಟಡಕ್ಕೆ ಭದ್ರತೆ ಒದಗಿಸಬೇಕೆಂದು ಸ್ಪಷ್ಟವಾಗಿ ಬರೆದಿದೆ. ಅದೇ ಕಾಯ್ದೆಯ 22ನೇ ಕಲಂ ಇನ್ನೂ ಮುಖ್ಯವಾದದ್ದು. ಪೋಷಕರೇ ಮುಕ್ಕಾಲು ಪಾಲು, ಮಹಿಳೆಯರು ಅರ್ಧದಷ್ಟು ಇರಬೇಕಾದ ಶಾಲಾ ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕು, ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು ಎಂದು ಆ ಕಲಂ ಹೇಳುತ್ತದೆ. ನಮ್ಮ ಬಹಳಷ್ಟು ಶಾಲೆಗಳಲ್ಲಿ ಈ ಯೋಜನೆ ಹಿಂದಿನ ವರ್ಷದ ಹಾಳೆಯ ನಕಲಾಗಿ, ಸಹಿಗೆ ಮಾತ್ರ ಮನೆಮನೆಗೆ ಹೋಗುತ್ತದೆ. ಅದರಲ್ಲಿ ಬಿದ್ದ ಗೋಡೆಯ ಸುದ್ದಿಯೇ ಇರುವುದಿಲ್ಲ.

ಇದಕ್ಕೆ ಸಂಬಂಧಿಸಿದ ಒಂದು ಅನುಭವವನ್ನು ಹೇಳಲೇಬೇಕು. ನಾನು ಮುಖ್ಯ ಶಿಕ್ಷಕನಾಗಿ ಹೊಸದಾಗಿ ಹೋದ ಒಂದು ಶಾಲೆಯಲ್ಲಿ ಹಿತ್ತಲಿನ ಕಡೆಯ ಗೋಡೆ ಮೂವತ್ತು ಅಡಿಯಷ್ಟು ಬಿದ್ದು, ಆ ಜಾಗದಲ್ಲಿ ಕಲ್ಲುಗಳ ಮೇಲೆ ಜಾಲಿಮುಳ್ಳಿನ ಕೊಂಬೆಗಳನ್ನು ಹರವಿದ್ದರು. ಕಾಮಗಾರಿಗೆಂದು ನಾಲ್ಕು ಸಲ ಬರೆದರೂ ಉತ್ತರ ಬರಲಿಲ್ಲ. ಕೊನೆಗೆ ಕಚೇರಿಯಲ್ಲಿ ಒಬ್ಬ ಗುಮಾಸ್ತರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ, "ಸರ್, ನಿಮ್ಮ ಯುಡೈಸ್‌ನಲ್ಲಿ ಪಕ್ಕಾ ಕಾಂಪೌಂಡ್ ಇದೆ ಅಂತ ಇದೆಯಲ್ಲ" ಎಂದರು. ಶಾಲೆಯ ವಿವರಗಳನ್ನು ಪ್ರತಿವರ್ಷ ತುಂಬುವ ಯುಡೈಸ್ ನಮೂನೆಯಲ್ಲಿ ಕಾಂಪೌಂಡಿಗೆ ಬೇರೆ ಬೇರೆ ಆಯ್ಕೆಗಳಿವೆ: ಪಕ್ಕಾ, ಪಕ್ಕಾ ಇದ್ದರೂ ಒಡೆದದ್ದು, ಅರ್ಧ ಕಟ್ಟಿದ್ದು, ಮುಳ್ಳುತಂತಿ, ಗಿಡದ ಬೇಲಿ, ಏನೂ ಇಲ್ಲ. ಗೋಡೆ ಬೀಳುವ ಮೊದಲು ಗುರುತು ಮಾಡಿದ್ದನ್ನೇ ವರ್ಷವರ್ಷವೂ ಮುಂದುವರಿಸಿಕೊಂಡು ಬಂದಿದ್ದರು. ಕಾಗದದ ಮೇಲೆ ನಿಂತಿದ್ದ ಗೋಡೆಗೆ ಯಾರೂ ಹಣ ಕೊಡುವಂತಿರಲಿಲ್ಲ. ತಪ್ಪು ಶಾಲೆಯದೇ ಆಗಿತ್ತು. ಯುಡೈಸ್ ಸೆಪ್ಟೆಂಬರ್ 30ರ ಸ್ಥಿತಿಯನ್ನು ಹೇಳುವ ದಾಖಲೆಯಾದ್ದರಿಂದ ಅದಕ್ಕೂ ಮೊದಲೇ ಮುಖ್ಯ ಶಿಕ್ಷಕರ ಜೊತೆ ಕುಳಿತು, ನಿಮ್ಮ ಶಾಲೆಯ ಕಾಂಪೌಂಡ್, ದುರಸ್ತಿ ಬೇಕಾದ ಕೊಠಡಿ, ಶೌಚಾಲಯಗಳ ಕಲಂಗಳಲ್ಲಿ ಏನಿದೆ ಎಂದು ಕಣ್ಣಾರೆ ನೋಡಿ.

ಕಾಂಪೌಂಡಿಗೆ ಹಳ್ಳಿಗಳಲ್ಲಿ ಹೆಚ್ಚು ಬಳಕೆಯಾಗಿರುವ ದಾರಿ ಗ್ರಾಮ ಪಂಚಾಯಿತಿಯದು. ಕರ್ನಾಟಕದ ಎಷ್ಟೋ ಪಂಚಾಯಿತಿಗಳು ಉದ್ಯೋಗ ಖಾತರಿ ಕಾಮಗಾರಿಗಳ ಮೂಲಕ ಶಾಲೆಗಳಿಗೆ ಕಾಂಪೌಂಡ್, ಆಟದ ಮೈದಾನ, ಶೌಚಾಲಯಗಳನ್ನು ಕಟ್ಟಿಸಿವೆ. ಇಲ್ಲಿ ಒಂದು ಲೆಕ್ಕ ತಿಳಿದಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ, ಅಂದರೆ ಪಿಡಿಒ ಅವರ, ಬಳಿ ಮಾತನಾಡುವುದು ಸುಲಭ. ಉದ್ಯೋಗ ಖಾತರಿ ಯೋಜನೆಯಾದ ನರೇಗಾದಲ್ಲಿ ವೆಚ್ಚದ ಕನಿಷ್ಠ ಶೇ 60 ಕೂಲಿಗೆ, ಸಾಮಗ್ರಿಗೆ ಗರಿಷ್ಠ ಶೇ 40 ಎಂಬ ನಿಯಮವಿತ್ತು. ಗೋಡೆ ಕಟ್ಟುವುದರಲ್ಲಿ ಕಲ್ಲು, ಇಟ್ಟಿಗೆ, ಸಿಮೆಂಟಿನ ಖರ್ಚೇ ಹೆಚ್ಚು. ಹಾಗಾಗಿ ಕೆರೆ ಹೂಳೆತ್ತುವುದು, ಬದು ಹಾಕುವುದು ಮುಂತಾದ ಕೂಲಿ ಹೆಚ್ಚಿರುವ ಕೆಲಸಗಳನ್ನು ಚೆನ್ನಾಗಿ ಮಾಡಿದ ಪಂಚಾಯಿತಿಗೆ ಕಾಂಪೌಂಡ್ ಕಟ್ಟಲು ಸಾಮಗ್ರಿಯ ಪಾಲು ಉಳಿಯುತ್ತಿತ್ತು, ಮಾಡದ ಪಂಚಾಯಿತಿಗೆ ಉಳಿಯುತ್ತಿರಲಿಲ್ಲ. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಈ ವರ್ಷ ಯಾವ ಕಾಮಗಾರಿಗಳಿಗೆ ಅನುಮತಿಯಿದೆ, ಸಾಮಗ್ರಿಗೆ ಎಷ್ಟು ಪಾಲಿದೆ ಎಂಬುದನ್ನು ಪಿಡಿಒ ಅವರಲ್ಲೇ ಕೇಳಿಕೊಳ್ಳಿ. ಶೌಚಾಲಯ ಮತ್ತು ನೀರಿನ ಕೆಲಸಗಳಿಗೆ ಹಣಕಾಸು ಆಯೋಗದ ಅನುದಾನದಿಂದಲೂ ಪಂಚಾಯಿತಿ ಖರ್ಚು ಮಾಡಬಹುದು.

ಸೋರುವ ಕೊಠಡಿಯ ದಾರಿ ಬೇರೆ. ಮುಖ್ಯ ಶಿಕ್ಷಕರು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ, ಅಂದರೆ ಸಿಆರ್‌ಪಿಯ, ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಬೇಕು; ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಎಂಜಿನಿಯರ್ ಬಂದು ನೋಡಿ, ದುರಸ್ತಿಗೆ ಯೋಗ್ಯವೋ ಕೆಡವಬೇಕೋ ಎಂದು ವರದಿ ಕೊಟ್ಟು ಅಂದಾಜು ಪಟ್ಟಿ ಮಾಡಬೇಕು. ಅಂದಾಜು ಪಟ್ಟಿ ಇಲ್ಲದ ಅರ್ಜಿ ಎಲ್ಲಿಗೆ ಹೋದರೂ ಮರಳಿ ಬರುತ್ತದೆ. ಅದು ಕೈಯಲ್ಲಿದ್ದರೆ ಇಲಾಖೆಯ ದುರಸ್ತಿ ಅನುದಾನಕ್ಕೂ, ಶಾಸಕರ ಪ್ರದೇಶಾಭಿವೃದ್ಧಿ ನಿಧಿಗೂ ಅದೇ ಕಾಗದವನ್ನು ಕೊಡಬಹುದು. ನೀವು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳವರಾದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಬಾಗಿಲೂ ನಿಮಗೆ ತೆರೆದಿದೆ. ಒಂದು ಎಚ್ಚರಿಕೆ: ಶಿಥಿಲ ಕೊಠಡಿಯನ್ನು ಊರವರೇ ಸೇರಿ ಕೆಡವಲು ಹೋಗಬೇಡಿ. ಅದು ಸರ್ಕಾರಿ ಆಸ್ತಿಯಾದ್ದರಿಂದ ಲಿಖಿತ ಅನುಮತಿ ಬೇಕು, ಕೆಡವುವ ಕೆಲಸದಲ್ಲಿ ಜೀವಾಪಾಯವೂ ಇದೆ.

ನೀವು ಕೇಳದಿದ್ದರೂ ಬೆಂಕಿ ಮತ್ತು ವಿದ್ಯುತ್ತಿನ ವಿಷಯ ಹೇಳದೆ ಮುಂದೆ ಹೋಗಲಾರೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಅದರ ನಂತರ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರ ಏಪ್ರಿಲ್‌ನಲ್ಲಿ, ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿ, ಅಗ್ನಿಶಾಮಕ ಸಾಧನಗಳಿರಬೇಕು, ಅವುಗಳ ಬಳಕೆಯಲ್ಲಿ ಸಿಬ್ಬಂದಿಗೆ ತರಬೇತಿ ಇರಬೇಕು ಎಂದು ಆದೇಶಿಸಿತು. ನಿಮ್ಮ ಶಾಲೆಯ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಕೆಂಪು ಸಿಲಿಂಡರ್ ನೇತುಹಾಕಿರಬಹುದು. ಅದರ ಕುತ್ತಿಗೆಯಲ್ಲಿರುವ ಪುಟ್ಟ ಗಡಿಯಾರದಂಥ ಮಾಪಕವನ್ನು ಧೂಳು ಒರೆಸಿ ನೋಡಿ: ಮುಳ್ಳು ಹಸಿರು ಪಟ್ಟಿಯಲ್ಲಿದ್ದರೆ ಒತ್ತಡ ಸರಿಯಾಗಿದೆ ಎಂದರ್ಥ, ಕೆಂಪಿಗೆ ಇಳಿದಿದ್ದರೆ ಬೆಂಕಿ ಬಿದ್ದ ದಿನ ಅದನ್ನು ನಂಬುವಂತಿಲ್ಲ. ಅದನ್ನು ಮತ್ತೆ ತುಂಬಿಸುವ ಖರ್ಚನ್ನು ಸಂಯುಕ್ತ ಅನುದಾನದಿಂದ ಮಾಡಲು ಎಸ್‌ಡಿಎಂಸಿಯಲ್ಲಿ ನಿರ್ಣಯ ಮಾಡಿಸಿ. ಕಟ್ಟಿ ಹತ್ತು ವರ್ಷವಾದ ಅಡುಗೆಮನೆಯ ದುರಸ್ತಿಗೆ ಬಿಸಿಯೂಟದ ಯೋಜನೆಯಲ್ಲೇ 10,000 ರೂಪಾಯಿಯ ಅವಕಾಶವಿದೆ.

ವಿದ್ಯುತ್ತಿನ ವಿಷಯ ನಮ್ಮದೇ ರಾಜ್ಯದ್ದು. 2019ರ ಆಗಸ್ಟ್ 18ರಂದು ಕೊಪ್ಪಳದ ವಿದ್ಯಾರ್ಥಿನಿಲಯವೊಂದರಲ್ಲಿ, ಸ್ವಾತಂತ್ರ್ಯ ದಿನಕ್ಕೆ ನಿಲ್ಲಿಸಿದ್ದ ಧ್ವಜದ ಕಂಬವನ್ನು ತೆಗೆಯುವಾಗ ಅದು ವಿದ್ಯುತ್ ತಂತಿಗೆ ತಗುಲಿ ಐವರು ವಿದ್ಯಾರ್ಥಿಗಳು ಜೀವ ಕಳೆದುಕೊಂಡರು. ಶಾಲೆಯ ಮೇಲೆ ಅಥವಾ ಪಕ್ಕದಲ್ಲಿ ತಂತಿ ಹಾದುಹೋಗಿದ್ದರೆ ಅದನ್ನು ಸ್ಥಳಾಂತರಿಸುವಂತೆ ನಿಮ್ಮ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗದ ಕಚೇರಿಗೆ ಪ್ರತ್ಯೇಕವಾಗಿ ಬರೆಯಿರಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಡಿ.

ಸಂಜೆ ಬಂದು ಕೂರುವವರ ಸಮಸ್ಯೆಗೆ ಹೆಚ್ಚಿನ ಪೋಷಕರು ಸಿಸಿ ಕ್ಯಾಮೆರಾ ಕೇಳುತ್ತಾರೆ. ದಾನಿಗಳು ಕೊಡಿಸಿದರೆ ಬೇಡ ಎನ್ನಬೇಕಾಗಿಲ್ಲ. ಆದರೆ ಗೋಡೆಯಿಲ್ಲದ, ಕಾವಲುಗಾರನಿಲ್ಲದ ಶಾಲೆಯಲ್ಲಿ ಕ್ಯಾಮೆರಾ ಹೇಳುವುದು ಆಗಿಹೋದದ್ದನ್ನು ಮಾತ್ರ, ಕೆಲವೊಮ್ಮೆ ಕಳುವಾಗುವುದೂ ಅದೇ. ಗೋಡೆ, ಗೇಟು, ಬೀದಿದೀಪ ಈ ಕ್ರಮದಲ್ಲಿ ಕೇಳಿ; ಬೀದಿದೀಪ ಪಂಚಾಯಿತಿಯ ಕೆಲಸ, ಬೇಗ ಆಗುವಂಥದ್ದು. ಜೊತೆಗೆ ಎಸ್‌ಡಿಎಂಸಿಯ ಹೆಸರಿನಲ್ಲಿ ಠಾಣೆಗೆ ಒಂದು ಪತ್ರ ಕೊಟ್ಟು, ಬೀಟ್ ಪೊಲೀಸರು ಸಂಜೆ ಆ ಕಡೆ ಬಂದುಹೋಗುವಂತೆ ಕೇಳಿ.

ಇಷ್ಟಕ್ಕೂ ಕಾಲವೇ ಮುಖ್ಯ. ಮಳೆಗಾಲದಲ್ಲಿ ಗೋಡೆ ಬಿದ್ದಾಗ ಕೊಟ್ಟ ಅರ್ಜಿಗೆ ಆ ವರ್ಷದ ಹಣ ಆಗಲೇ ಹಂಚಿಹೋಗಿರುತ್ತದೆ. ಪಂಚಾಯಿತಿಗಳಲ್ಲಿ ಮುಂದಿನ ವರ್ಷದ ಯೋಜನೆ ರೂಪಿಸುವ ಕೆಲಸ ಅಕ್ಟೋಬರ್ 2ರಿಂದ ಆರಂಭವಾಗುತ್ತದೆ. ಆದ್ದರಿಂದ ಸೆಪ್ಟೆಂಬರಿನಲ್ಲಿ ಯುಡೈಸ್ ಸರಿಪಡಿಸಿ, ಅದೇ ತಿಂಗಳು ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಬರೆಸಿ, ಅಕ್ಟೋಬರಿನ ಗ್ರಾಮಸಭೆಯಲ್ಲಿ ಕಾಮಗಾರಿಯನ್ನು ಪಟ್ಟಿಗೆ ಸೇರಿಸಿ, ನಡಾವಳಿಯ ಪ್ರತಿ ಕೇಳಿ ಪಡೆಯಿರಿ. ನವೆಂಬರಿನ ಮಕ್ಕಳ ದಿನದ ಆಸುಪಾಸಿನಲ್ಲಿ ಆರಂಭವಾಗುವ ಮಕ್ಕಳ ಗ್ರಾಮಸಭೆಯನ್ನೂ ಬಿಡಬೇಡಿ. ಅಂಥ ಒಂದು ಸಭೆಯಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ನಮ್ಮ ಚೆಂಡು ರೋಡಿಗೆ ಹೋದರೆ ತರೋಕೆ ದೊಡ್ಡವರು ಯಾರೂ ಇರಲ್ಲ ಸರ್, ನಾವೇ ಓಡ್ತೀವಿ" ಎಂದಾಗ ವೇದಿಕೆಯ ಮೇಲಿದ್ದವರೆಲ್ಲ ಒಂದು ಕ್ಷಣ ಸುಮ್ಮನಾದದ್ದು ನನಗೆ ಇವತ್ತಿಗೂ ನೆನಪಿದೆ. ಆ ಮಾತು ನಡಾವಳಿಗೆ ಹೋಯಿತು, ಗೋಡೆ ಮರುವರ್ಷ ಬಂತು.

ಅರ್ಜಿ ಒಂದೇ ಪುಟದಲ್ಲಿರಲಿ: ಶಾಲೆಯ ಯುಡೈಸ್ ಸಂಖ್ಯೆ, ಮಕ್ಕಳ ಸಂಖ್ಯೆ, ಬಿದ್ದ ಗೋಡೆಯ ಉದ್ದ, ರಸ್ತೆ ಎಷ್ಟು ಅಡಿ ದೂರ, ದಿನಾಂಕವಿರುವ ಎರಡು ಛಾಯಾಚಿತ್ರ, ಎಸ್‌ಡಿಎಂಸಿ ನಿರ್ಣಯದ ಪ್ರತಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಆ ಅರ್ಜಿಯ ಮೇಲೆ ಏನು ಕ್ರಮವಾಯಿತು ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅದಕ್ಕೂ ಮಣಿಯದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು, ಶಿಕ್ಷಣ ಹಕ್ಕಿನ ಮೇಲೆ ಕಣ್ಣಿಡುವ ಹೊಣೆಯನ್ನು ಕಾಯ್ದೆಯೇ ಆ ಆಯೋಗಕ್ಕೆ ಕೊಟ್ಟಿದೆ. ಖಾಸಗಿ ಶಾಲೆಯ ಪೋಷಕರೂ ಇದೇ ಪ್ರಶ್ನೆ ಕೇಳುವುದುಂಟು. ಸಂಯುಕ್ತ ಅನುದಾನ ಅವರಿಗಿಲ್ಲ, ಅಲ್ಲಿ ಸುರಕ್ಷತೆಯ ವೆಚ್ಚವೂ ಹೊಣೆಯೂ ಆಡಳಿತ ಮಂಡಳಿಯದು.

ಹಣ ಬರುವವರೆಗೆ ಸೋರುವ ಆ ಕೊಠಡಿಗೆ ಬೀಗ ಹಾಕಿಸಿ, ಆ ತರಗತಿಯನ್ನು ಇನ್ನೊಂದರ ಜೊತೆ ಕೂರಿಸಿ, ಅದರ ಗೋಡೆಯ ಸುತ್ತ ಹತ್ತು ಅಡಿ ದೂರದಲ್ಲಿ ಮಕ್ಕಳು ದಾಟದಂತೆ ಹಗ್ಗ ಕಟ್ಟಿ. ಬಿದ್ದ ಕಾಂಪೌಂಡಿನ ಜಾಗಕ್ಕೆ ಊರವರೇ ಒಂದು ಭಾನುವಾರ ಸೇರಿ ಬೊಂಬಿನ ತಡಿಕೆ ಕಟ್ಟಬಹುದು, ಶಾಲೆ ಬಿಡುವ ಹೊತ್ತಿಗೆ ದಿನಕ್ಕೊಬ್ಬ ಪೋಷಕರು ರಸ್ತೆಯ ಅಂಚಿನಲ್ಲಿ ನಿಲ್ಲಬಹುದು.